ಮಿಲ್ಲಿನ ಸದ್ದು ನಿಂತಾಗ

ಜನವರಿ ೯, ಗುರುವಾರ

ಹೊಸ ರಾಗಿ ಬಂದಿದೆ. ಊರಿಗೆ ಸುಗ್ಗಿ, ನನಗೆ ಕತ್ತೆಚಾಕರಿ. ಮಿಲ್ಲಿನ ಬಾಗಿಲು ತೆಗೆಯುವ ಹೊತ್ತಿಗೆ ಹೊರಗೆ ಚೀಲಗಳು ಸಾಲಾಗಿ ಕೂತಿರುತ್ತವೆ, ಅವುಗಳ ಒಡೆಯರು ಇನ್ನೂ ಹೊದ್ದು ಮಲಗಿರುತ್ತಾರೆ. ಯಗಟಿಯಲ್ಲಿ ಸರದಿ ಹಿಡಿಯುವುದು ಚೀಲ, ಮನುಷ್ಯರಲ್ಲ. ಯಾರೂ ಹೆಸರು ಬರೆದಿಡುವುದಿಲ್ಲ. ಬಾಯಿ ಕಟ್ಟಿದ ರೀತಿ ನೋಡಿದರೆ ಯಾವ ಮನೆಯ ಚೀಲ ಎಂದು ನನಗೆ ಗೊತ್ತಾಗುತ್ತದೆ.

ಯಜಮಾನರಿಗೆ ಲಕ್ವ ಹೊಡೆದು ಎರಡು ವರ್ಷವಾಗುತ್ತಾ ಬಂತು. ಬಲಗಡೆ ಸ್ವಾಧೀನವಿಲ್ಲ, ಮಾತು ಅರ್ಧಂಬರ್ಧ. ಮಿಲ್ಲಿನ ಹಿಂದಿನ ಕೋಣೆಯಲ್ಲೇ ಮಂಚ ಹಾಕಿದ್ದೇನೆ. ಒಂದು ಚೀಲ ಸುರಿದು ಒಳಗೆ ಓಡುತ್ತೇನೆ, ಮಗ್ಗುಲು ಬದಲಾಯಿಸುತ್ತೇನೆ, ಮತ್ತೆ ಹೊರಗೆ ಓಡಿ ಇನ್ನೊಂದು ಚೀಲ ಸುರಿಯುತ್ತೇನೆ. ಸಂಜೆ ಮೈ ಒರೆಸುವಾಗ ನೋಡಿದರೆ ಅವರ ಬೆನ್ನ ಮೇಲೆಲ್ಲ ಹಿಟ್ಟು ಮೆತ್ತಿದ ನನ್ನ ಬೆರಳುಗಳ ಗುರುತು.

ಇವತ್ತು ಆಶಾ ಕಾರ್ಯಕರ್ತೆ ಅಕ್ಷತಾ ಬಂದಿದ್ದಳು. ಲಸಿಕೆಗೆ ಬಂದಿದ್ದಾಳೆ ಅಂದುಕೊಂಡರೆ ನನ್ನನ್ನೇ ಹಿಡಿಯಲು ಬಂದಿದ್ದಾಳೆ.

‘ಶನಿವಾರ ಪಂಚಾಯ್ತಿ ಆಫೀಸಲ್ಲಿ ಒಂದು ತರಬೇತಿ ಅದೆ ಕಣಮ್ಮ, ನೀವು ಬರ್ಲೇಬೇಕು. ಹೋದ್ವರ್ಷ ನಮ್ಮ ಸುತ್ತಮುತ್ತ ಎಷ್ಟು ಜನ ತಾವಾಗೇ ಜೀವ ಕಳ್ಕೊಂಡ್ರು, ನಿಮ್ಗೇ ಗೊತ್ತಲ್ಲ. ಊರಿನೋರು ದಿನಾ ಎಲ್ಲಿ ಸೇರ್ತಾರೋ ಅಲ್ಲಿರೋರ್ನೇ ಕರೀತಿದೀವಿ. ಹೋಟ್ಲು, ಕಟಿಂಗ್ ಶಾಪು, ರೇಷನ್ ಅಂಗ್ಡಿ, ನಿಮ್ಮ ಮಿಲ್ಲು.’

‘ನಾನು ರಾಗಿ ಬೀಸೋಳು ಕಣೇ, ಮನಸ್ಸು ಬೀಸೋಕೆ ಬರಲ್ಲ’ ಅಂದೆ. ನಕ್ಕಳೇ ಹೊರತು ಬಿಡಲಿಲ್ಲ. ನನ್ನ ಮನಸ್ಸೇ ನನಗೆ ಹೊರಲಾರದಷ್ಟಿದೆ, ಊರವರದ್ದು ಎಲ್ಲಿ ಹೊರಲಿ?

ಜನವರಿ ೧೧, ಶನಿವಾರ

ಹೋಗಿ ಬಂದೆ. ಉಪ್ಪಿಟ್ಟು ಚೆನ್ನಾಗಿತ್ತು ಎಂದು ಮೊದಲು ಬರೆದುಬಿಡುತ್ತೇನೆ, ಬೇರೆಯವರು ಮಾಡಿದ್ದನ್ನು ತಿಂದು ಬಹಳ ದಿನವಾಗಿತ್ತು.

ಚಿಕ್ಕಮಗಳೂರಿನಿಂದ ಒಬ್ಬ ಮೇಡಂ ಬಂದಿದ್ದರು. ಸಣ್ಣ ವಯಸ್ಸು, ತಾಳ್ಮೆ ದೊಡ್ಡದು. ಹೇಳಿದ್ದಿಷ್ಟು. ಯಾರಾದರೂ ಇದ್ದಕ್ಕಿದ್ದಂತೆ ಜನರಿಂದ ದೂರ ಸರಿದರೆ, ಊಟ ನಿದ್ದೆ ಬಿಟ್ಟರೆ, ತಮಗೆ ಪ್ರೀತಿಯ ವಸ್ತುಗಳನ್ನು ಅವರಿವರಿಗೆ ಕೊಡತೊಡಗಿದರೆ, ಕಣ್ಣಿಡಿ. ಸುತ್ತು ಬಳಸಬೇಡಿ, ‘ಸಾಯಬೇಕು ಅನ್ನಿಸುತ್ತಿದೆಯಾ’ ಎಂದು ನೇರವಾಗಿ ಕೇಳಿ. ಹೌದು ಎಂದರೆ ಒಬ್ಬರೇ ಇರಲು ಬಿಡಬೇಡಿ. ೧೪೪೧೬ಕ್ಕೆ ಫೋನ್ ಮಾಡಿದರೆ ಯಾವ ಹೊತ್ತಿನಲ್ಲೂ ಮಾತಾಡುವವರಿದ್ದಾರೆ, ಕಾಸಿಲ್ಲ. ಪ್ರತಿ ಮಂಗಳವಾರ ಕಡೂರಿನ ಆಸ್ಪತ್ರೆಗೆ ಮನಸ್ಸಿನ ಡಾಕ್ಟರು ಬರುತ್ತಾರೆ, ಜೊತೆಗೆ ಕರೆದುಕೊಂಡು ಹೋಗಿ.

ಹೋಟೆಲ್ ತೀರ್ಥಪ್ಪ ಎದ್ದು ನಿಂತ. ‘ಮೇಡಂ, ಹಂಗೆ ಕೇಳಿದ್ರೆ ಇಲ್ದಿರೋ ಯೋಚ್ನೆ ನಾವೇ ತಲೆಗೆ ತುಂಬ್ದಂಗಾಗಲ್ವಾ?’

‘ಇಲ್ಲ. ಇದ್ದ ಯೋಚನೆಯನ್ನ ಹೇಳೋಕೆ ಒಂದು ಜಾಗ ಸಿಗುತ್ತೆ, ಅಷ್ಟೇ’ ಎಂದರು ಅವರು. ‘ಆದ್ರೆ ಬುದ್ಧಿ ಹೇಳ್ಬೇಡಿ. ಮಕ್ಕಳ ಮುಖ ನೋಡು, ದೇವ್ರ ಮೇಲೆ ಭಾರ ಹಾಕು, ಇವೆಲ್ಲ ಬೇಡ. ಸುಮ್ನೆ ಕೇಳಿಸ್ಕೊಳಿ.’

ನಮ್ಮೂರಿನವರಿಗೆ ಏಕಾದಶಿಯ ಉಪವಾಸ ಮಾಡಿ ಎಂದರೆ ಮಾಡಿಯಾರು. ಬುದ್ಧಿ ಹೇಳದೆ ಇರಿ ಎಂದರೆ ಹೇಗೆ? ಹಿಂತಿರುಗುವಾಗ ತೀರ್ಥಪ್ಪ ದಾರಿಯುದ್ದಕ್ಕೂ, ಬುದ್ಧಿ ಹೇಳಬಾರದು ಎಂದು ನನಗೆ ಬುದ್ಧಿ ಹೇಳುತ್ತಾ ಬಂದ.

ಜನವರಿ ೧೬, ಗುರುವಾರ

ಸಂಕ್ರಾಂತಿ ಕಳೆಯಿತು. ಎಳ್ಳು ಬೀರಲು ಹೋಗಲಿಲ್ಲ, ಯಾರಾದರೂ ಬಂದರೆ ಸಾಕು ಎಂದು ಮನೆಯಲ್ಲೇ ಇದ್ದೆ.

ಚಿಕ್ಕಬೀರಪ್ಪ ರಾಗಿ ತಂದಿದ್ದ. ಅರವತ್ತು ದಾಟಿದೆ. ಹುಟ್ಟಿದಾಗಿನಿಂದ ಕುರಿ ಹಿಂದೆ ನಡೆದವನು. ಮೊಣಕಾಲು ಕೈಕೊಟ್ಟಿತು ಎಂದು ದೀಪಾವಳಿಗೆ ಮುಂಚೆ ಮಗ ಕುರಿಗಳನ್ನೆಲ್ಲ ಮಾರಿಸಿದ. ಅದಕ್ಕೂ ಆರು ತಿಂಗಳು ಹಿಂದೆ ಹೆಂಡತಿ ತೀರಿಕೊಂಡಿದ್ದಳು. ಮೊದಲೆಲ್ಲ ಮಿಲ್ಲಿಗೆ ಬಂದರೆ ನನ್ನ ಜೊತೆ ಜಗಳ ಆಡದೆ ಹೋದವನಲ್ಲ. ಹಿಟ್ಟು ಬಿಸಿಯಾಯ್ತು, ಹಿಟ್ಟು ತರಿಯಾಯ್ತು, ಹಿಂದಿನವರ ಜೋಳ ನನ್ನ ರಾಗಿಗೆ ಬೆರೆಸಿದ್ದೀರಿ. ಇವತ್ತು ಚೀಲ ಇಟ್ಟು ಗೋಡೆಗೆ ಒರಗಿ ನಿಂತ. ಹಿಟ್ಟನ್ನು ಬೆರಳಲ್ಲಿ ತಿಕ್ಕಿಯೂ ನೋಡದೆ ಹೊತ್ತುಕೊಂಡು ಹೋದ.

ಹಿಂದೆಯೇ ಅವನ ಸೊಸೆ ಭವ್ಯ ಬಂದಳು. ‘ಮಾವ ನಾಯೀನ ಹಿರೇನಲ್ಲೂರಿನ ನೆಂಟ್ರಿಗೆ ಕೊಟ್ಬಂದವ್ರೆ ಆಂಟಿ. ಅದ್ರ ಜೊತೆ ಮಾತಾಡ್ದಷ್ಟು ನಮ್ಜೊತೆ ಮಾತಾಡ್ತಿರ್ಲಿಲ್ಲ. ಯಾಕೆ ಕೊಟ್ರಿ ಅಂದ್ರೆ, ನಾನೆಷ್ಟು ದಿನ ಸಾಕ್ಲಿ ಅಂದ್ರು’ ಎಂದಳು.

ಜನವರಿ ೨೦, ಸೋಮವಾರ

ತೀರ್ಥಪ್ಪನ ಹೋಟೆಲಿನ ಗಲ್ಲಾದ ಕುರ್ಚಿಯ ಮೇಲೆ ಕರಿ ಕಂಬಳಿ ಹಾಸಿತ್ತು. ‘ಚಿಕ್ಕಬೀರಪ್ಪ ಕೊಟ್ಟ ಕಣಕ್ಕ, ಬ್ಯಾಡ ಅಂದ್ರೂ ಕೇಳ್ದೆ ಇಟ್ಟೋದ’ ಎಂದ.

ಕಂಬಳಿ ಎಂದರೆ ಕುರಿ ಕಾಯುವವರಿಗೆ ಬರೀ ಹೊದಿಕೆಯಲ್ಲ, ಬೀರೇದೇವರ ಗದ್ದುಗೆಗೆ ಹಾಸುವಂಥದ್ದು. ತೀರ್ಥಪ್ಪನಿಗೂ ಅದು ಹೊಳೆದಿದೆ, ಅವನ ಮುಖದಲ್ಲೇ ಕಂಡಿತು. ‘ನೀವೇ ಕೇಳಿ ಅಕ್ಕ. ಹೆಂಗಸ್ರು ಕೇಳಿದ್ರೆ ಚೆನ್ನಾಗಿರ್ತದೆ’ ಎಂದ. ಉಪ್ಪಿಟ್ಟು ತಿನ್ನುವಾಗ ಗಂಡಸರು ಮುಂದೆ, ಕೇಳುವ ಹೊತ್ತಿಗೆ ಹೆಂಗಸರು ಮುಂದೆ.

ಕೇಳುವುದಕ್ಕೆ ನನಗೆ ಭಯ. ಹೌದು ಅಂದುಬಿಟ್ಟರೆ ಏನು ಮಾಡುವುದು? ಆಮೇಲೆ ಅವನ ಜೀವ ನನ್ನ ಕೈಗೆ ಬಂದ ಹಾಗೆ. ಈಗಾಗಲೇ ಒಂದು ಜೀವ ಕೈಯಲ್ಲಿದೆ, ಹೊತ್ತು ಹೊತ್ತಿಗೆ ಮಗ್ಗುಲು ಬದಲಾಯಿಸಬೇಕು.

ಜನವರಿ ೨೩, ಗುರುವಾರ

ಇಂಥ ದಿನ ನನ್ನ ಶತ್ರುವಿಗೂ ಬೇಡ.

ಮಿಲ್ಲು ಓಡುವಾಗ ಪಕ್ಕದಲ್ಲಿ ನಿಂತವರಿಗೂ ಕಿರುಚಿಯೇ ಹೇಳಬೇಕು. ಕಿವಿಗೆ ಬಾಯಿಟ್ಟು ಕಿರುಚಿದರೆ ಆ ಕಿವಿಗೆ ಮಾತ್ರ ಕೇಳುತ್ತದೆ, ಎರಡು ಮಾರು ಆಚೆಯವರಿಗೆ ಏನೂ ಇಲ್ಲ. ಈ ಊರಿನ ಗುಟ್ಟುಗಳನ್ನೆಲ್ಲ ನಾನು ಹೀಗೆಯೇ ಕೇಳಿದ್ದು. ಅತ್ತೆ ಎದುರಿಗೇ ನಿಂತಿರುವಾಗ ಸೊಸೆಯಂದಿರು ಅತ್ತೆಯ ದೂರನ್ನು ನನ್ನ ಕಿವಿಗೆ ಅರಚಿ ಹೋಗುತ್ತಾರೆ. ಇದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ ಎಂದು ನಂಬಿದ್ದೆ.

ಚಿಕ್ಕಬೀರಪ್ಪನ ಸರದಿ ಬಂತು. ರಾಗಿ ಸುರಿದೆ. ಇವತ್ತಲ್ಲದಿದ್ದರೆ ಇನ್ನೆಂದೂ ಕೇಳುವುದಿಲ್ಲ ಎಂದು ಗೊತ್ತಿತ್ತು. ಅವನನ್ನು ಕರೆದು, ಕಿವಿಗೆ ಬಾಯಿಟ್ಟು, ಗಂಟಲೆಲ್ಲ ಸೇರಿಸಿ ಕೂಗಿದೆ. ‘ಬೀರಣ್ಣ, ಕಂಬ್ಳಿ ಕೊಟ್ಟಿದ್ದು ನೋಡ್ದೆ. ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ನಿಂಗೆ ಸಾಯ್ಬೇಕು ಅನ್ನುಸ್ತಾ ಅದಾ?’

ಕೊನೆಯ ಮಾತಿಗೆ ಸರಿಯಾಗಿ ಕರೆಂಟು ಹೋಯಿತು.

ಮೋಟರು ನಿಂತಿತು, ನನ್ನ ಗಂಟಲು ನಿಲ್ಲಲಿಲ್ಲ. ‘ಸಾಯ್ಬೇಕು ಅನ್ನುಸ್ತಾ ಅದಾ’ ಎಂಬುದು ಮಿಲ್ಲಿನ ತಗಡಿಗೆಲ್ಲ ಬಡಿದು ಬಂತು. ಒಳಗೆ ಎಂಟು ಹತ್ತು ಜನ. ಬಾಗಿಲಲ್ಲಿ ಹುಲಿಯಮ್ಮ ಮೊರ ಹಿಡಿದು ನಿಂತಿದ್ದಳು, ಅದು ಹಾಗೆಯೇ ಕೈಯಲ್ಲೇ ಉಳಿಯಿತು. ಒಳಗಿನ ಕೋಣೆಯಿಂದ ಯಜಮಾನರು ಏನೋ ಕೂಗಿದರು. ನಾನು ಅವರನ್ನೇ ಕೇಳಿದೆ ಎಂದುಕೊಂಡರೋ ಏನೋ!

ಚಿಕ್ಕಬೀರಪ್ಪ ನನ್ನ ಮುಖ ನೋಡಿದ. ಸಿಟ್ಟಿತ್ತೋ, ನಾಚಿಕೆಯಿತ್ತೋ ತಿಳಿಯಲಿಲ್ಲ. ಅರ್ಧ ಬೀಸಿದ ರಾಗಿ ಬಿಟ್ಟು ಹೊರಟುಹೋದ. ಹಿಂದೆ ಓಡಿದೆ, ಆದರೆ ತಿರುಗಿ ನೋಡಲಿಲ್ಲ. ಓಡಿಹೋಗಿ ಭವ್ಯನಿಗೆ ಹೇಳಿದೆ, ಅವನನ್ನು ಒಬ್ಬನೇ ಬಿಡಬೇಡ ಎಂದೆ. ನನ್ನ ನಾಲಿಗೆಗೆ ಬರೆ ಹಾಕಬೇಕು.

ಜನವರಿ ೨೪, ಶುಕ್ರವಾರ

ಭವ್ಯನ ಗಂಡ ಬಂದಿದ್ದ. ಬೀರೂರಿನ ಮಂಡಿಯಲ್ಲಿ ಕೆಲಸ, ರಜೆ ಹಾಕಿ ಬಂದಿದ್ದಾನೆ.

‘ನಮ್ಮಪ್ಪನ್ನ ನಾವು ಉಪವಾಸ ಕೆಡವಿದೀವಾ? ಊರ್ ಮುಂದೆ ನಮ್ಮನೆ ಮರ್ಯಾದೆ ತೆಗೆದ್ಬಿಟ್ರಲ್ಲ. ಇನ್ಮೇಲೆ ನಿಮ್ಮ ಮಿಲ್ಲಿಗೆ ನಮ್ಮ ರಾಗಿ ಬರಲ್ಲ’ ಎಂದ.

ಮರ್ಯಾದೆ ಹೋದರೆ ತರಬಹುದು, ಅಪ್ಪ ಹೋದರೆ ತರಬಹುದೇನಪ್ಪಾ ಎಂದು ಬಾಯಿಗೆ ಬಂದಿತ್ತು. ನುಂಗಿದೆ. ಅವನ ಕಣ್ಣು ಕೆಂಪಾಗಿತ್ತು. ಹೆದರಿದ್ದಾನೆ, ಹೆದರಿದವನಿಗೆ ಬೈಯುವುದೊಂದೇ ಗೊತ್ತು. ‘ತಪ್ಪಾಯ್ತು ಮಗ. ಆದ್ರೆ ಅಪ್ಪನ್ನ ನೋಡ್ಕೋ’ ಎಂದೆ. ಅರ್ಧ ಬೀಸಿದ ರಾಗಿಯನ್ನೂ ಮುಟ್ಟದೆ ಹೋದ.

ಜನವರಿ ೨೮, ಮಂಗಳವಾರ

ಬಾಗಿಲಲ್ಲಿ ನಾಲ್ಕೇ ಚೀಲ. ಊರೆಲ್ಲ ಆಚೆಯ ಇನ್ನೊಂದು ಮಿಲ್ಲಿಗೆ ಹೋಗುತ್ತಿದೆ. ಬಾಯಿ ಬಿಟ್ಟರೆ ಸಾಯ್ತೀಯಾ ಅಂತ ಕೇಳ್ತಾಳೆ ಎಂದು ಯಾರೋ ತಮಾಷೆ ಮಾಡಿದರಂತೆ. ತೀರ್ಥಪ್ಪನೇ ಹೇಳಿದ್ದು. ಅವನ ಕುರ್ಚಿಯ ಮೇಲೆ ಕಂಬಳಿ ಇಲ್ಲ, ಮಡಿಸಿ ದೇವರ ಗೂಡಿನ ಕೆಳಗೆ ಇಟ್ಟಿದ್ದಾನೆ. ದಿನಾ ಸಂಜೆ ಟೀ ಕೊಡುವ ನೆಪದಲ್ಲಿ ಚಿಕ್ಕಬೀರಪ್ಪನ ಜಗಲಿಗೆ ಹೋಗಿ ಬರುತ್ತಿದ್ದಾನಂತೆ. ಟೀ ಕುಡಿಯುತ್ತಾನೆ, ಮಾತಿಲ್ಲ. ಕುಡಿಯುತ್ತಾನಲ್ಲ, ಸದ್ಯ.

ಕೆಲಸ ಕಡಿಮೆಯಾದರೆ ಸುಸ್ತೂ ಕಡಿಮೆಯಾಗಬೇಕಿತ್ತು. ಆಗಲಿಲ್ಲ.

ಫೆಬ್ರವರಿ ೧, ಶನಿವಾರ

ಹುಲಿಯಮ್ಮ ಬಂದು ಎಲ್ಲರೂ ಹೋಗುವ ತನಕ ಕೂತಿದ್ದಳು. ಅವಳ ಚೀಲ ಯಾವಾಗಲೋ ಬೀಸಿಯಾಗಿತ್ತು. ನೆಲ ಗುಡಿಸಿದೆ, ಜರಡಿ ಕೊಡವಿದೆ, ಏಳಲಿಲ್ಲ. ‘ಏನೇ?’ ಎಂದೆ.

‘ಅವತ್ತು ನೀವು ಬೀರಪ್ಪನ್ನ ಕೇಳಿದ್ರಲ್ಲ ಅಮ್ಮಾರೆ. ನನ್ನ ಯಾರೂ ಹಂಗೆ ಕೇಳಿಲ್ಲ ಅಂತ ಮನೆಗ್ಹೋಗಿ ಅತ್ಬಿಟ್ಟೆ.’

ಎರಡನೆಯ ಹೆರಿಗೆಯಲ್ಲಿ ಮಗು ಹೋಗಿ ಹಾಸಿಗೆ ಹಿಡಿದಿರುವ ಮಗಳ ಬಗ್ಗೆ ಹೇಳಿದಳು, ಆಮೇಲೆ ತನ್ನ ಬಗ್ಗೆ. ಬುದ್ಧಿಮಾತು ಹತ್ತು ಸಲ ನಾಲಿಗೆ ತುದಿಗೆ ಬಂತು, ಹಲ್ಲು ಕಚ್ಚಿ ಹಿಡಿದೆ. ನನ್ನ ಫೋನಿನಿಂದಲೇ ೧೪೪೧೬ಕ್ಕೆ ಮಾಡಿ ಅವಳ ಕೈಗೆ ಕೊಟ್ಟು ಹೊರಗೆ ನಿಂತೆ. ಬಹಳ ಹೊತ್ತು ಮಾತಾಡಿದಳು. ಸೋಮವಾರ ಅಕ್ಷತಾಳನ್ನು ಮನೆಗೆ ಕಳಿಸುವುದೆಂದಾಯಿತು.

ಯಜಮಾನರ ಊಟ ತಡವಾಯಿತು. ಸಿಟ್ಟಿನಿಂದ ತಟ್ಟೆ ತಳ್ಳಿದರು. ಚೆಲ್ಲಿದ್ದನ್ನು ಒರೆಸಿ, ಮತ್ತೆ ಕಲಸಿ, ಮತ್ತೆ ಉಣ್ಣಿಸಿದೆ. ನಾನು ಉಂಡೆನೋ ಇಲ್ಲವೋ ನೆನಪಿಲ್ಲ.

ಫೆಬ್ರವರಿ ೩, ಸೋಮವಾರ

ಚಿಕ್ಕಬೀರಪ್ಪ ಬಂದ. ಚೀಲವಿಲ್ಲ, ಬರಿಗೈ. ಮಧ್ಯಾಹ್ನ, ಕರೆಂಟಿರಲಿಲ್ಲ, ಮಿಲ್ಲಿನಲ್ಲಿ ನಾನೊಬ್ಬಳೇ. ಹಿಟ್ಟಿನ ಡಬ್ಬದ ಮೇಲೆ ಕೂತ.

‘ಅವತ್ತು ಕೇಳಿದ್ರಲ್ಲ ಅಮ್ಮಾರೆ.’

‘ಹೂಂ.’

‘ಹೌದು ಕಣವ್ವ.’

ಕೈಯಲ್ಲಿದ್ದ ಪೊರಕೆಯನ್ನು ಕೆಳಗಿಟ್ಟು ಅವನ ಎದುರಿಗೆ ಕೂತೆ. ‘ಹೇಳು’ ಎಂದೆ.

‘ಕುರಿ ಇದ್ದಾಗ ಬೆಳಗಾದ್ರೆ ಅವೇ ಎಬ್ಬುಸ್ತಿದ್ವು. ಈಗ ಎಬ್ಬುಸೋರಿಲ್ಲ. ಎದ್ದು ಏನ್ಮಾಡ್ಲಿ ಅಂತ ಹಾಸ್ಗೆ ಮೇಲೇ ಕುಂತಿರ್ತೀನಿ. ಮಗ ಸೊಸೆ ಚೆನ್ನಾಗೇ ನೋಡ್ಕತ್ತಾರೆ. ಅವ್ರಿಗೊಂದು ಭಾರ ಕಮ್ಮಿಯಾಗ್ಲಿ ಅನ್ನುಸ್ತದೆ. ದಿನಾ ಅನ್ನುಸ್ತದೆ.’ ಮೊಣಕಾಲು ನೀವಿಕೊಂಡ. ‘ಊರ್ ಮುಂದೆ ಕೇಳ್ಬಿಟ್ರಿ, ಭಾರಿ ಸಿಟ್ಟು ಬಂತು. ಆ ಸಿಟ್ಟಲ್ಲೇ ಒಂದಷ್ಟು ದಿನ ಹೋಯ್ತು. ಸಿಟ್ಟು ಇಳಿದ್ಮೇಲೆ ನೋಡಿದ್ರೆ, ಕೇಳಿದ್ದೋರು ನೀವೊಬ್ರೇ.’

ಇಂದೇ ಏನಾದರೂ ಮಾಡಿಕೊಳ್ಳುವ ಯೋಚನೆಯಿದೆಯಾ ಎಂದು ಕೇಳಿದೆ. ‘ಇತ್ತು. ಅದ್ಕೇ ಇಲ್ಲಿಗೆ ಬಂದೆ’ ಎಂದ.

ಅವನನ್ನು ಏಳಗೊಡಲಿಲ್ಲ. ಯಜಮಾನರ ಮಂಚದ ಪಕ್ಕದಲ್ಲೇ ಕೂರಿಸಿ ಅಕ್ಷತಾಳಿಗೂ ಭವ್ಯನಿಗೂ ಫೋನ್ ಮಾಡಿದೆ. ಅಕ್ಷತಾ ಅವನ ಮನೆಗೆ ಹೋಗಿ ಯಾವುದನ್ನು ಕೈಗೆ ಸಿಗದಂತೆ ಇಡಬೇಕೋ ಅದನ್ನೆಲ್ಲ ತೆಗೆಸಿ ತೀರ್ಥಪ್ಪನ ಹೋಟೆಲಿನಲ್ಲಿ ಬೀಗದೊಳಗೆ ಇಡಿಸಿದಳು. ಭವ್ಯ ಬಂದವಳೇ ಮಾವನ ಪಕ್ಕ ನೆಲದ ಮೇಲೆ ಕೂತಳು. ‘ನೀವು ಭಾರ ಅಂತ ಯಾರು ಅಂದ್ರು ಮಾವ?’ ಎಂದು ಅತ್ತಳು. ಅವನೂ ಅತ್ತ. ನಮ್ಮ ಯಜಮಾನರು ಎಡಗೈ ಚಾಚಿ ಅವನ ಹೆಗಲ ಮೇಲೆ ಇಟ್ಟರು. ಎರಡು ವರ್ಷದಲ್ಲಿ ಆ ಕೈ ಯಾರನ್ನಾದರೂ ತಾನಾಗಿ ಮುಟ್ಟಿದ್ದನ್ನು ನಾನು ನೋಡಿರಲಿಲ್ಲ. ನನ್ನನ್ನೂ ಮುಟ್ಟಿರಲಿಲ್ಲ.

ಫೆಬ್ರವರಿ ೪, ಮಂಗಳವಾರ

ಬೆಳಗಿನ ಬಸ್ಸಿಗೆ ಕಡೂರು. ಯಜಮಾನರ ಹತ್ತಿರ ಹುಲಿಯಮ್ಮ ಕೂತಳು. ಚಿಕ್ಕಬೀರಪ್ಪ ಕಿಟಕಿ ಪಕ್ಕ, ನಡುವೆ ಭವ್ಯ, ಈಚೆಗೆ ನಾನು. ಬಸ್ಸಿನಲ್ಲಿ ಯಾರೋ ‘ಎಲ್ಲಿಗೆ ಮಿಲ್ಲಮ್ಮ, ಜಾತ್ರೆನಾ?’ ಎಂದರು. ‘ಮೊಣಕಾಲು ತೋರಿಸೋಕೆ’ ಎಂದು ಸುಳ್ಳು ಹೇಳಲು ಹೊರಟೆ. ಚಿಕ್ಕಬೀರಪ್ಪನೇ, ‘ಮನಸ್ಸಿಗೆ ಹುಷಾರಿಲ್ಲ, ತೋರ್ಸೋಕೆ’ ಎಂದುಬಿಟ್ಟ. ಕೇಳಿದವನು ಕಿಟಕಿಯ ಆಚೆ ನೋಡತೊಡಗಿದ.

ಆಸ್ಪತ್ರೆಯ ಗೇಟಿನಲ್ಲಿ ಭವ್ಯನ ಗಂಡ ನಿಂತಿದ್ದ, ಬೀರೂರಿನಿಂದ ಬೈಕಿನಲ್ಲಿ ನಮಗಿಂತ ಮುಂಚೆ ಬಂದಿದ್ದಾನೆ. ನನ್ನ ಕಡೆ ನೋಡಲಿಲ್ಲ. ಅಪ್ಪನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ.

ಡಾಕ್ಟರು ನಿಧಾನವಾಗಿ ಮಾತಾಡಿಸಿದರು. ಇದೂ ಒಂದು ಕಾಯಿಲೆ, ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ಅಲ್ಲಿಯವರೆಗೆ ಜೊತೆಗಿರಿ, ಮಾತ್ರೆ ಸೊಸೆಯ ಕೈಯಲ್ಲಿರಲಿ, ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಇರಲಿ ಎಂದರು. ಯಾವ ಜಾಗ ಎಂದು ಎಲ್ಲರೂ ಮುಖ ಮುಖ ನೋಡಿಕೊಂಡೆವು. ‘ಮಿಲ್ಲಿಗೆ ಬರ್ಲಿ’ ಎಂದೆ. ಯಾಕೆ ಹೇಳಿದೆನೋ. ಕೋಲು ಕೊಟ್ಟು ಹೊಡೆಸಿಕೊಂಡ ಹಾಗೆ.

ಫೆಬ್ರವರಿ ೧೩, ಗುರುವಾರ

ಬರುತ್ತಾನೆ, ದಿನಾ ಬರುತ್ತಾನೆ. ಡಬ್ಬದ ಮೇಲೆ ಕೂರುತ್ತಾನೆ. ಮಾತಿಲ್ಲ. ಮಧ್ಯಾಹ್ನ ತೀರ್ಥಪ್ಪ ಬಂದು ಮನೆಗೆ ಬಿಡುತ್ತಾನೆ. ಚೀಲಗಳೂ ಮೆಲ್ಲಗೆ ವಾಪಸು ಬರುತ್ತಿವೆ. ಬಂದವರಲ್ಲಿ ಒಬ್ಬಿಬ್ಬರು ಮಿಲ್ಲು ನಿಂತ ಮೇಲೂ ಉಳಿಯುತ್ತಾರೆ, ಏನಾದರೂ ಹೇಳುತ್ತಾರೆ. ಕೇಳಿಸಿಕೊಳ್ಳುತ್ತೇನೆ.

ಬೆಳಗಿನ ಜಾವಕ್ಕೇ ಎಚ್ಚರವಾಗುತ್ತದೆ, ಮತ್ತೆ ಕಣ್ಣು ಮುಚ್ಚುವುದಿಲ್ಲ. ವಯಸ್ಸಾಯಿತಲ್ಲ.

ಫೆಬ್ರವರಿ ೧೯, ಬುಧವಾರ

ಸಾರಿಗೆ ಉಪ್ಪು ಹಾಕಲಿಲ್ಲವಂತೆ. ನನಗೆ ತಿಳಿಯಲಿಲ್ಲ. ಎಲ್ಲ ಒಂದೇ ರುಚಿ.

ಫೆಬ್ರವರಿ ೨೨, ಶನಿವಾರ

ಇವತ್ತು ಒಂದು ಒಳ್ಳೆಯದು. ಚಿಕ್ಕಬೀರಪ್ಪ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ‘ಇದೇನು ಹಿಟ್ಟೋ ನುಚ್ಚೋ? ಬೀಸೋ ಕಲ್ಲು ಕೊರ್ಸಿ ಎಷ್ಟ್ ದಿನ ಆಯ್ತು?’ ಎಂದು ಬೈದ. ಮಿಲ್ಲಿನಲ್ಲಿದ್ದವರೆಲ್ಲ ನಕ್ಕರು. ನಾಳೆಯ ಮುದ್ದೆಯ ಚಿಂತೆ ಬಂದವನು ನಾಳೆ ಇರಲು ಒಪ್ಪಿದ ಹಾಗೆಯೇ. ಭವ್ಯ ನನ್ನ ಕೈ ಒತ್ತಿದಳು.

ನನಗೂ ಸಂತೋಷವಾಗಬೇಕಿತ್ತು. ಆಗಿರಬೇಕು. ಇನ್ನು ಇವನೊಬ್ಬನ ಯೋಚನೆ ಕಳೆಯಿತು ಎಂದು ಮಾತ್ರ ಅನ್ನಿಸಿತು.

ಫೆಬ್ರವರಿ ೨೬, ಬುಧವಾರ

ಶಿವರಾತ್ರಿ. ಉಪವಾಸ ಸುಲಭವಾಯಿತು, ಹೇಗೂ ಹಸಿವಿಲ್ಲ. ಪೆಟ್ಟಿಗೆ ತೆಗೆದು ನೋಡಿದೆ. ಮದುವೆಯ ರೇಷ್ಮೆ ಸೀರೆ, ಇನ್ನೊಂದು ನನ್ನ ಮಗಳು ತನುಜಾ ಹುಟ್ಟಿದಾಗ ಯಜಮಾನರು ತಂದದ್ದು. ಎರಡನ್ನೂ ಹುಲಿಯಮ್ಮನ ಮಗಳಿಗೆ ಕೊಟ್ಟೆ. ಹುಡುಗಿ ಈಗ ಎದ್ದು ಓಡಾಡುತ್ತಿದ್ದಾಳೆ. ಉಡುವವರು ಉಡಲಿ, ನನಗಿನ್ನು ಯಾತಕ್ಕೆ?

ತನುಜಾಗೆ ಫೋನ್ ಮಾಡಿದೆ. ‘ಅಪ್ಪನ್ನ ಸ್ವಲ್ಪ ದಿನ ತರೀಕೆರೆಗೆ ಕರ್ಕೊಂಡು ಹೋಗೇ, ಅಲ್ಲಿ ಫಿಸಿಯೋಥೆರಪಿ ಮಾಡೋರು ಇದಾರಂತಲ್ಲ’ ಎಂದೆ. ‘ನಾನು ಎಷ್ಟು ಸಲ ಕರೆದೆ, ಈಗ ಒಪ್ಪಿದ್ಯಲ್ಲಮ್ಮ’ ಎಂದು ಮಗಳು ಹಿಗ್ಗಿದಳು.

ಮಾರ್ಚ್ ೧, ಶನಿವಾರ

ತನುಜಾ ಕಾರು ಮಾಡಿಕೊಂಡು ಬಂದು ಅಪ್ಪನನ್ನು ಕರೆದುಕೊಂಡು ಹೋದಳು. ಕಾರಿಗೆ ಕೂರಿಸುವಾಗ ಅವರು ನನ್ನ ಸೆರಗು ಹಿಡಿದು ಬಿಡಲಿಲ್ಲ. ಬೆರಳು ಒಂದೊಂದಾಗಿ ಬಿಡಿಸಿದೆ. ಮಾತ್ರೆ, ಊಟ, ಯಾವ ಮಗ್ಗುಲಿಗೆ ಮಲಗಿಸಿದರೆ ನೋವಿಲ್ಲ, ಎಲ್ಲ ಹೇಳಿಕೊಟ್ಟೆ. ಕೆಲಸವೆಲ್ಲ ಮುಗಿದ ಹಾಗಾಯಿತು. ಮನಸ್ಸು ಹಗುರವಾಗಿದೆ.

ಮಾರ್ಚ್ ೨, ಭಾನುವಾರ

ಏಳಲಿಲ್ಲ. ಎದ್ದು ಏನು ಮಾಡಲಿ?

ಮಾರ್ಚ್ ೩, ಸೋಮವಾರ

ಮಿಲ್ಲು ತೆಗೆಯಲಿಲ್ಲ. ಹೊರಗೆ ಚೀಲಗಳಿದ್ದವು, ಜನ ಬಂದು ಕೂಗಿ ಹೋದರು. ಬಿಸಿಲೇರಿದ ಮೇಲೆ ಯಾರೋ ಬಾಗಿಲು ಒಂದೇ ಸಮನೆ ಬಡಿದರು. ಸುಮ್ಮನಿದ್ದರೆ ಹೋಗುತ್ತಾರೆ ಎಂದುಕೊಂಡೆ.

‘ಮಿಲ್ಲಮ್ಮಾರೆ, ತೆಗೀರಿ. ತೆಗೀದಿದ್ರೆ ಬಾಗ್ಲು ಮುರೀತೀನಿ. ಆಮೇಲೆ ರಿಪೇರಿ ನಿಮ್ದೇ.’

ಚಿಕ್ಕಬೀರಪ್ಪ. ತೆಗೆದೆ. ಹಿಂದೆ ಭವ್ಯ ನಿಂತಿದ್ದಳು. ಅವನು ಒಳಗೆ ಬಂದು ಖಾಲಿ ಮಂಚ ನೋಡಿದ, ಒಲೆ ನೋಡಿದ, ನನ್ನ ತಲೆಗೂದಲು ನೋಡಿದ.

‘ನಿನ್ನೆ ಹುಲಿಯಮ್ಮನ ಮಗಳು ರೇಷ್ಮೆ ಸೀರೆ ಉಟ್ಟಿದ್ಲು. ಯಾರ್ ಕೊಟ್ರು ಅಂದ್ರೆ ಮಿಲ್ಲಮ್ಮ ಅಂದ್ಲು. ರಾತ್ರಿಯೆಲ್ಲ ನಂಗೆ ಅದೇ ಯೋಚ್ನೆ. ಕಂಬ್ಳಿ ಕೊಟ್ಟೋನು ನಾನು, ಸೀರೆ ಕೊಟ್ರೆ ಗೊತ್ತಾಗಕಿಲ್ವಾ?’

‘ಹುಚ್ಚಪ್ಪ, ಹಳೇ ಸೀರೆ ಕೊಟ್ರೆ ಏನಾಯ್ತು’ ಎಂದು ರೇಗಿದೆ.

‘ನಿಮ್ಗೂ ಸಾಯ್ಬೇಕು ಅನ್ನುಸ್ತಾ ಅದಾ ಅಮ್ಮಾರೆ?’

‘ಇಲ್ಲ’ ಎಂದೆ.

‘ಸರಿ’ ಎಂದು ನೆಲದ ಮೇಲೆ ಕೂತ. ‘ನಂಗೂ ಅವತ್ತೇ ಬಾಯಿ ಬರ್ಲಿಲ್ಲ. ನಂಗೇನ್ ಕೆಲ್ಸ ಅದೆ, ಕುಂತಿರ್ತೀನಿ.’

ಕೂತೇ ಇದ್ದ. ಮೊಣಕಾಲು ನೋವಿಗೆ ಆಗಾಗ ಕಾಲು ಚಾಚುತ್ತಾನೆ, ಮಡಿಸುತ್ತಾನೆ, ಏಳುವುದಿಲ್ಲ. ಭವ್ಯ ಒಲೆ ಹಚ್ಚಿದಳು. ಯಾರೂ ಏನೂ ಹೇಳಲಿಲ್ಲ. ಬುದ್ಧಿ ಹೇಳಿದ್ದರೆ ಎದ್ದು ಜಗಳವಾಡಿ ಇಬ್ಬರನ್ನೂ ಹೊರಗೆ ಹಾಕುತ್ತಿದ್ದೆ. ಆ ಸುಮ್ಮನಿರುವುದನ್ನು ತಡೆಯಲಾಗಲಿಲ್ಲ. ಅಳು ಎಲ್ಲಿತ್ತೋ, ಬಂದುಬಿಟ್ಟಿತು. ಹೇಳಿದೆ. ಎರಡು ವರ್ಷದ್ದೆಲ್ಲ ಹೇಳಿದೆ, ನಿನ್ನೆಯದನ್ನೂ ಹೇಳಿದೆ. ಇಲ್ಲಿ ಬರೆದಿರುವುದಕ್ಕಿಂತ ಹೆಚ್ಚೇ ಹೇಳಿದೆ. ಈಗ ಹಿಂದಿನ ಹಾಳೆಗಳನ್ನು ತಿರುವಿ ನೋಡಿದರೆ, ಬರೆದವಳಿಗೇ ಕಾಣಲಿಲ್ಲವಲ್ಲ ಎನ್ನಿಸುತ್ತದೆ.

ಭವ್ಯ ಮುದ್ದೆ ಮಾಡಿ, ಸೊಪ್ಪಿನ ಸಾರು ಮಾಡಿ ಬಡಿಸಿದಳು. ನಾಲ್ಕು ತುತ್ತು ತಿಂದೆ. ಹುಲಿಯಮ್ಮ ಚಾಪೆ ತಂದಿದ್ದಾಳೆ, ಇಲ್ಲೇ ಮಲಗುತ್ತಾಳಂತೆ. ತನುಜಾಗೂ ಅವಳೇ ಫೋನ್ ಮಾಡಿದಳು. ಚೀಲಗಳನ್ನು ತೀರ್ಥಪ್ಪ ಎತ್ತಿ ಒಳಗಿಟ್ಟ, ಬುಧವಾರ ಬನ್ನಿ ಎಂದು ಊರಿಗೆಲ್ಲ ಹೇಳಿದ. ನಾಳೆ ಚಿಕ್ಕಬೀರಪ್ಪನಿಗೆ ಮಾತ್ರೆ ತರಲು ಕಡೂರಿಗೆ ಹೋಗಬೇಕು. ಅವನೇ ‘ನೀವೂ ಬನ್ನಿ’ ಎಂದ. ಆಗಲಿ ಎಂದೆ.

ಮಾರ್ಚ್ ೪, ಮಂಗಳವಾರ

ಬಸ್ಸಿನಲ್ಲಿ ಕಿಟಕಿಯ ಪಕ್ಕ ನನ್ನನ್ನು ಕೂರಿಸಿ ಚಿಕ್ಕಬೀರಪ್ಪ ಈಚೆ ಕೂತ. ಟಿಕೆಟ್ಟು ಅವನೇ ತೆಗೆದ, ಹೆಂಗಸರಿಗೆ ಬಸ್ಸು ಫ್ರೀ ಎಂಬುದನ್ನು ಮರೆತು ನನಗೂ ಕೊಡಿ ಎಂದ. ಕಂಡಕ್ಟರಿಗೆ ನಗು. ಬೀರೂರಿನಲ್ಲಿ ಅವನ ಮಗನೂ ಹತ್ತಿದ. ನನ್ನ ಹಿಂದಿನ ಸೀಟಿನಲ್ಲಿ ಕೂತು, ಕಡೂರಿನಲ್ಲಿ ಇಳಿಯುವಾಗ ‘ನೋಡ್ಕೊಂಡು ಇಳೀರಿ ಅಮ್ಮ’ ಎಂದ. ಅಷ್ಟೇ ಆಡಿದ್ದು.

ಆಸ್ಪತ್ರೆಯಲ್ಲಿ ಸಾಲು ಉದ್ದವಿತ್ತು. ನಮ್ಮ ಸರದಿ ಬಂದಾಗ ಚೀಟಿ ಬರೆಯುವ ನರ್ಸು ತಲೆಯೆತ್ತದೆ, ‘ಪೇಷಂಟ್ ಯಾರು, ಜೊತೇಲಿ ಬಂದಿರೋರು ಯಾರು?’ ಎಂದಳು.

ನಾನು ಚಿಕ್ಕಬೀರಪ್ಪನ ಮುಖ ನೋಡಿದೆ. ಅವನು ಸ್ವಲ್ಪ ಯೋಚಿಸಿದ.

‘ಇಬ್ರೂ ಪೇಷಂಟೇ ಕಣವ್ವ. ಇಬ್ರೂ ಜೊತೇಲಿ ಬಂದೋರೇ. ಎರಡು ಚೀಟಿ ಬರಿ.’

ನರ್ಸು ಈಗ ತಲೆಯೆತ್ತಿ ನಮ್ಮಿಬ್ಬರನ್ನೂ ನೋಡಿ ನಕ್ಕಳು. ಅವನ ಹೆಸರು ಬರೆದು ನನ್ನ ಕಡೆ ತಿರುಗಿದಳು. ‘ನಿಮ್ಮ ಹೆಸರೇನಮ್ಮ?’

ಮಿಲ್ಲಮ್ಮ ಎಂದೇ ಬಾಯಿಗೆ ಬಂದಿತ್ತು. ಕಷ್ಟಪಟ್ಟು ನೆನಪು ಮಾಡಿಕೊಂಡ ಹಾಗೆ, ‘ಮಲ್ಲಿಕಾಂಬ’ ಎಂದೆ.

ಪಕ್ಕದಲ್ಲಿ ಚಿಕ್ಕಬೀರಪ್ಪ ಬೆರಗಾಗಿ ನನ್ನನ್ನೇ ನೋಡಿದ. ‘ಓಹೋ, ನಿಮ್ಗೂ ಒಂದು ಹೆಸ್ರು ಅದಾ?’ ಎಂದ.